ಉಡದಾರದ ತಾಮ್ರ

ಹಳೆಯ ತಾಮ್ರದ ನಾಣ್ಯ ಕೈಗೆ ಬಂದರೆ ಮೊದಲು ಮಾಡಬೇಕಾದ ಕೆಲಸವೆಂದರೆ ಸುಮ್ಮನಿರುವುದು. ಒರೆಸಬೇಡಿ, ಉಜ್ಜಬೇಡಿ, ಉಗುರಿನಿಂದ ಕೆರೆಯಬೇಡಿ, ಉಫ್ ಎಂದು ಊದಲೂ ಬೇಡಿ. ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠ ಇದು. ಅವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ನಾನು ಚಹಾ ಮಾಡಲು ಆಚೆ ಹೋದ ಕೂಡಲೇ ಅಂಗಿಯ ತುದಿಯಿಂದ ತಿಕ್ಕಿ ನೋಡುತ್ತಿದ್ದರು. ಹೊಳೆಯದ್ದನ್ನು ಕಂಡರೆ ಮನುಷ್ಯನ ಕೈಗೆ ಸಮಾಧಾನವಿಲ್ಲ.

ನಾನು ಸುಮಂಗಲಾ, ವಿಜಯಪುರದವಳು. ಊರಿನ ವಸ್ತುಸಂಗ್ರಹಾಲಯವೊಂದರ ನಾಣ್ಯದ ಕೋಣೆಯಲ್ಲಿ ಕೆಲಸ ಕಲಿತೆ. ಅರಬ್ಬಿ ಲಿಪಿ ಓದುವುದನ್ನು ಕಲಿಸಿದವರು ಪಕ್ಕದ ಮನೆಯ ಉರ್ದು ಶಾಲೆಯ ಟೀಚರು. ಸಂಜೆ ಅವರ ಮನೆಯ ಕಟ್ಟೆಯ ಮೇಲೆ ಕೂತು, ಸವೆದ ನಾಣ್ಯಗಳ ಅಚ್ಚು ತೆಗೆದ ಕಾಗದ ಹಿಡಿದುಕೊಂಡು, ಇದೇನು ಅದೇನು ಎಂದು ಅವರ ತಲೆ ತಿಂದು ತಿಂದೇ ಕಲಿತದ್ದು. ಯಜಮಾನರಿಗೆ ನ್ಯೂಜಿಲೆಂಡಿನಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿದಾಗ ಗಂಟುಮೂಟೆ ಕಟ್ಟಿಕೊಂಡು ಆಕ್ಲೆಂಡಿಗೆ ಬಂದೆವು. ೨೦೧೦ರ ದಶಕದ ಆರಂಭದಲ್ಲಿ ಅಲ್ಲಿನ ಗೋದಾಮುಗಳ ಬಡಾವಣೆ ಪೆನ್‌ರೋಸ್‌ನ ಒಂದು ನಾಣ್ಯ ಹರಾಜು ಸಂಸ್ಥೆಯಲ್ಲಿ ಸೇರಿಕೊಂಡೆ, ದಶಕ ಮುಗಿಯುವ ಹೊತ್ತಿಗೆ ನಿವೃತ್ತಳಾದೆ. ನಡುವೆ ಸಿಕ್ಕ ಬಡ್ತಿಯ ವಿಷಯ ಬರೆಯುವಂಥದ್ದೇನಲ್ಲ. ಕುರ್ಚಿ ಬದಲಾಯಿತು, ಮೇಜು ಅದೇ ಇತ್ತು.

ಆ ಸಂಸ್ಥೆಯನ್ನು ಹೊರಗಿನಿಂದ ನೋಡಿದವರು ಅಲ್ಲಿ ನಾಣ್ಯಗಳಿವೆ ಎಂದರೆ ನಂಬುತ್ತಿರಲಿಲ್ಲ. ಒಂದು ಪಕ್ಕ ಟೈರಿನ ಗೋದಾಮು, ಇನ್ನೊಂದು ಪಕ್ಕ ಮಂಜುಗಡ್ಡೆಯಲ್ಲಿಟ್ಟ ಮೀನಿನ ಗೋದಾಮು, ನಡುವೆ ತಗಡಿನ ಛಾವಣಿಯ ನಮ್ಮದು. ನನ್ನ ಮೇಜು ದಕ್ಷಿಣದ ಕಿಟಕಿಯ ಕೆಳಗಿತ್ತು. ವಿಜಯಪುರದಲ್ಲಿ ನಾಣ್ಯ ಓದಲು ಉತ್ತರದ ಕಿಟಕಿ ಹುಡುಕುತ್ತಿದ್ದೆ. ಇಲ್ಲಿ ಸೂರ್ಯ ಉತ್ತರಕ್ಕೆ ವಾಲಿಕೊಂಡು ಓಡಾಡುವುದರಿಂದ ಕಣ್ಣು ಕುಕ್ಕದ ಬೆಳಕು ದಕ್ಷಿಣದಿಂದ ಬರುತ್ತದೆ. ಮೊದಲ ವಾರವೆಲ್ಲ ನಾನು ತಪ್ಪು ಕಿಟಕಿಯಲ್ಲಿ ಕೂತು, ಈ ದೇಶದಲ್ಲಿ ತಾಮ್ರವೂ ಮಾತಾಡುವುದಿಲ್ಲವಲ್ಲ ಎಂದು ಬೇಜಾರು ಮಾಡಿಕೊಂಡಿದ್ದೆ.

ಮಾಲೀಕ ಗ್ರೇಯಮ್. ಚಳಿಗಾಲದಲ್ಲೂ ಚಡ್ಡಿ ಹಾಕುವ ದೊಡ್ಡ ಆಳು, ತನ್ನ ತೆರೆದ ಪಿಕಪ್ ಟ್ರಕ್‌ನ ಹಿಂದೆ ನಾಯಿಯನ್ನು ಕೂರಿಸಿಕೊಂಡು ಕೆಲಸಕ್ಕೆ ಬರುತ್ತಿದ್ದ. ಒಳ್ಳೆಯವನೇ. ಆದರೆ ಅವನ ಪಾಲಿಗೆ ನಾಣ್ಯವೆಂದರೆ ಚಿನ್ನ, ಬೆಳ್ಳಿ ಎರಡೇ. ತಾಮ್ರಕ್ಕೆ ಅವನಿಟ್ಟಿದ್ದ ಹೆಸರು ‘ಬ್ರೌನ್ ಸ್ಟಫ್’. ಕಂದು ಸಾಮಾನನ್ನೆಲ್ಲ ಒಂದು ಟ್ರೇಗೆ ಸುರಿದು, “ಸೂ, ಯುವರ್ ಬೇಬೀಸ್” ಎಂದು ನನ್ನ ಕಡೆ ತಳ್ಳುತ್ತಿದ್ದ. ಸುಮಂಗಲಾ ಎಂದು ಕರೆಯುವ ಕಷ್ಟವನ್ನು ಅವನು ಕೊನೆಯವರೆಗೂ ತೆಗೆದುಕೊಳ್ಳಲಿಲ್ಲ.

ಅವನಿಗೆ ತಾಮ್ರದ ರುಚಿ ಹತ್ತಿಸಿದ್ದು ಒಂದು ತಮಾಷೆಯ ಪ್ರಸಂಗ. ಒಂದು ದಿನ ರೋಮನ್ ನಾಣ್ಯಗಳ ಟ್ರೇಯಲ್ಲಿ ದಪ್ಪನೆಯ ಒಂದು ತಾಮ್ರ ಕಂಡಿತು. ಮುಂಭಾಗದಲ್ಲಿ ಎರಡು ತಲೆಗಳು, ಗುಂಗುರು ಕೂದಲು, ಯಾರು ನೋಡಿದರೂ ರೋಮನ್ ಎನ್ನಬೇಕು. ಗ್ರೇಯಮ್ ಅದಕ್ಕೊಬ್ಬ ಚಕ್ರವರ್ತಿಯನ್ನೂ ಹುಡುಕಿಟ್ಟಿದ್ದ. ನಾನು ನಾಣ್ಯವನ್ನು ಮಗುಚಿ ಅವನ ಮುಂದೆ ಹಿಡಿದೆ. ಹಿಂಭಾಗದ ತುಂಬ ಅರಬ್ಬಿ.

“ನಿಮ್ಮ ಚಕ್ರವರ್ತಿಗೆ ಅರಬ್ಬಿ ಯಾರು ಕಲಿಸಿದರು?” ಎಂದೆ.

ಅದು ಅರ್ತುಕಿದ್ ಅರಸರ ತಾಮ್ರ. ಟೈಗ್ರಿಸ್ ನದಿಯ ಮೇಲ್ಭಾಗದ ಊರುಗಳನ್ನು ಆಳಿದ ತುರ್ಕರು ಅವರು. ಮುಸ್ಲಿಂ ಅರಸರ ಚಿನ್ನ ಬೆಳ್ಳಿಯ ಮೇಲೆ ಸಾಮಾನ್ಯವಾಗಿ ಬರಿ ಅಕ್ಷರವೇ ಇರುತ್ತಿತ್ತು. ದೇವರ ಹೆಸರು, ಖಲೀಫನ ಹೆಸರು, ಆಮೇಲೆ ತನ್ನದು. ಆ ಹಣ ದೂರದೂರ ಹೋಗುವಂಥದ್ದು, ಮರ್ಯಾದೆ ಮೀರುವಂತಿಲ್ಲ. ತಾಮ್ರ ಹಾಗಲ್ಲ. ಅದು ಊರ ಸಂತೆಯಲ್ಲೇ ಸುತ್ತುವ ಹಣ, ಬದನೆಕಾಯಿ ಕೊಳ್ಳುವ ಹಣ. ಅಲ್ಲಿ ಅರಸರು ಸಲುಗೆಯಿಂದ ಇದ್ದರು. ಹೊಲದಲ್ಲಿ ಸಿಕ್ಕ ಹಳೆಯ ಗ್ರೀಕ್, ರೋಮನ್ ನಾಣ್ಯಗಳ ಮೇಲಿನ ಮುಖ ಚೆನ್ನಾಗಿ ಕಂಡರೆ ತಮ್ಮ ತಾಮ್ರಕ್ಕೂ ಅದನ್ನೇ ಹೊಡೆಸುತ್ತಿದ್ದರು. ಇದನ್ನೆಲ್ಲ ಹೇಳಿದ ಮೇಲೆ ಗ್ರೇಯಮ್ ತಲೆ ಕೆರೆದುಕೊಂಡು, “ಚೀಕಿ ಬಗರ್ಸ್”, ಭಾರಿ ತುಂಟರು, ಎಂದ. ಅಂದಿನಿಂದ ತಾಮ್ರದ ಟ್ರೇಯನ್ನು ತಳ್ಳುವ ಬದಲು ಎತ್ತಿ ಕೊಡಲು ಶುರುಮಾಡಿದ. ನನಗೆ ಅದೇ ಬಡ್ತಿ.

ಇನ್ನೊಂದು ಸಲ ಒಬ್ಬ ಗಿರಾಕಿ ಈಜಿಪ್ಟಿನ ಮಾಮ್ಲೂಕರ ತಾಮ್ರ ತಂದ, ಅದರ ಮೇಲೊಂದು ಸೊಗಸಾದ ಸಿಂಹ. ಮಗಳ ಮದುವೆಗೆ ಪೆಂಡೆಂಟ್ ಮಾಡಬೇಕು, ಒಂದು ತೂತು ಹಾಕಿಕೊಡಿ ಎಂದ. ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ಶತಮಾನ ಉಳಿದ ಸಿಂಹಕ್ಕೆ ನಿನ್ನ ಕೈಯಿಂದ ಸಾಯಬೇಕೆಂದು ಬರೆದಿದೆಯೇ ಎಂದು ಇಂಗ್ಲಿಷಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದೆ. ಅವನು ಬಾಗಿಲು ದಾಟಿದ ಮೇಲೆ ಗ್ರೇಯಮ್, “ಸೂ, ಅವನು ಗಿರಾಕಿ” ಎಂದು ಮೆಲ್ಲಗೆ ನೆನಪಿಸಿದ. “ತೂತು ಹಾಕುವವನು ಗಿರಾಕಿಯಲ್ಲ, ಕಟುಕ” ಎಂದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಕ್ಯಾಟಲಾಗಿನಲ್ಲಿ ನಾಣ್ಯದ ಸ್ಥಿತಿ ಬರೆಯಲು ನಮ್ಮಲ್ಲಿ ಕೆಲವೇ ಮಾತುಗಳಿದ್ದವು: ಚೆನ್ನಾಗಿದೆ, ಸಾಧಾರಣ, ಸವೆದಿದೆ, ಹಾನಿಯಾಗಿದೆ. ತೂತಿದ್ದರೆ ಮರುಮಾತಿಲ್ಲದೆ ಹಾನಿ. ಅಂಥವನ್ನು ಗ್ರೇಯಮ್ ಯಾರ ಮನೆಯಿಂದ ಬಂದರೂ ಒಂದೇ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದ. ಡಬ್ಬಿ ತುಂಬಿದಾಗ ಸರ ಬಳೆ ಮಾಡುವವರಿಗೆ ಒಟ್ಟಾಗಿ ಹೋಗುತ್ತಿತ್ತು. ಆ ಕ್ರಮ ನನಗೂ ಸರಿಯೆಂದೇ ಕಾಣುತ್ತಿತ್ತು.

ಇನ್ನು ನಮ್ಮವರ ವಿಷಯ. ಇಲ್ಲಿನ ಬಿಳಿಯರು ತಾಮ್ರ ಕೆಡಿಸುವುದು ವಿನೆಗರ್‌ನಿಂದ, ಇಲ್ಲವೇ ಕೋಲಾದಲ್ಲಿ ನೆನೆಹಾಕಿ. ಕನ್ನಡಿಗರು ಹುಣಸೆಹಣ್ಣಿನಿಂದ. ಹೆಂಡರ್ಸನ್‌ನಲ್ಲಿದ್ದ ಪಾಟೀಲರು ಒಂದು ದಿನ ಕರವಸ್ತ್ರದ ಗಂಟು ಬಿಚ್ಚಿ ಮೇಜಿನ ಮೇಲಿಟ್ಟರು. ಒಳಗೆ ಈಗ ತಾನೇ ಟಂಕಿಸಿದಂತೆ ಕೆಂಪಗೆ ಹೊಳೆಯುವ ಒಂದು ತಾಮ್ರ.

“ನಮ್ಮ ದೇವರ ಜಗಲಿ ಮ್ಯಾಲಿಂದ್ರಿ ಮೇಡಂ. ನಮ್ಮಜ್ಜನ ಕಾಲದಿಂದ ಲಕ್ಷ್ಮೀಪೂಜಿಗೆ ಇದನ್ನಽ ಇಡ್ತೀವಿ. ಹಬ್ಬ ಬಂದ್ರ ನಮ್ಮವ್ವ ಹುಣಸಿಹಣ್ಣು ಉಪ್ಪು ಹಚ್ಚಿ ಹೆಂಗ ತಿಕ್ಕತಾಳ ನೋಡ್ರಿ, ನಮ್ಮ ಮಾರಿ ಅದರಾಗ ಕಾಣ್ತದ. ಯಾರ ಕಾಲದ್ದಿರಬೇಕು?”

ನಾನು ಹಣೆ ಚಚ್ಚಿಕೊಂಡೆ. ತಾಮ್ರದ ಮೇಲೆ ನೂರಾರು ವರ್ಷ ಕೂತು ಬೆಳೆಯುವ ಹಸಿರು, ಕಂದು ಪೊರೆ ಕೊಳೆಯಲ್ಲ, ಅದು ನಾಣ್ಯದ ಚರ್ಮ. ಅಕ್ಷರದ ಅಂಚು ಉಳಿಯುವುದು ಅದರ ಆಸರೆಯಲ್ಲಿ. ಹುಣಸೆ ಅದನ್ನು ಸುಲಿದು ಹಾಕುತ್ತದೆ, ಪ್ರತಿ ಹಬ್ಬಕ್ಕೂ ಅರಸನ ಹೆಸರಿನ ಒಂದಿಷ್ಟು ತೊಳೆದು ಹೋಗುತ್ತದೆ. ಆದರೂ ಪುಣ್ಯಕ್ಕೆ ಒಂದು ಸಾಲು ಉಳಿದಿತ್ತು. “ಇಬ್ರಾಹಿಂ ಅಬಲಾಬಲಿ” ಎಂದು ಓದಿದೆ. ನಮ್ಮೂರಿನ ಎರಡನೆಯ ಇಬ್ರಾಹಿಂ ಆದಿಲಶಾಹ. ವೀಣೆ, ಸಂಗೀತ ಎಂದು ಪ್ರಾಣ ಬಿಡುತ್ತಿದ್ದವನು, ಜನ ಜಗದ್ಗುರು ಬಾದಶಹ ಎಂದು ಕರೆದವನು. ಅಬಲರಿಗೆ ಬಲವಾದವನು ಎಂಬ ದೇಶೀ ಮಾತನ್ನು ಫಾರ್ಸಿ ಅಕ್ಷರದಲ್ಲಿ ತಾಮ್ರದ ಮೇಲೆ ಹೊಡೆಸಿದವನು.

ಪಾಟೀಲರ ಮುಖ ನೋಡುವಂತಿತ್ತು. “ಅಂದ್ರ ಇಷ್ಟ ವರ್ಷ ಲಕ್ಷ್ಮಿ ಅಂತ ಕುಂಕುಮ ಹಚ್ಚಿದ್ದು…”

“ಇಬ್ರಾಹಿಂ ಬಾದಶಹರಿಗೆ. ಅವರೇನೂ ಬ್ಯಾಡ ಅಂದಿಲ್ಲಲ್ರಿ.”

ಅವರು ಅಲ್ಲೇ ನಿಂತು ಮನೆಗೆ ಫೋನ್ ಹಚ್ಚಿದರು. ಆ ಕಡೆಯಿಂದ ಅವರ ತಾಯಿಯ ದನಿ ನನಗೂ ಕೇಳಿಸಿತು: “ಅಂವಾ ನಮ್ಮ ಮನಿಗೆ ಏನ್ ಕೆಟ್ಟದ್ದ ಮಾಡ್ಯಾನ? ಸುಮ್ಮ ತಗೊಂಬಾ, ನಾಳೆ ಪೂಜಾ ಅದ.” ಹುಣಸೆ ಹಚ್ಚುವುದಿಲ್ಲ ಎಂದು ಪಾಟೀಲರಿಂದ ಆಣೆ ಮಾಡಿಸಿಕೊಂಡು ಕಳಿಸಿದೆ. ಅಂದಿನಿಂದ ಆಕ್ಲೆಂಡಿನ ಕನ್ನಡದವರ ಯಾವ ಸಮಾರಂಭಕ್ಕೆ ಹೋದರೂ ನನ್ನದು ಒಂದೇ ಭಾಷಣ. ಹುಣಸೆಹಣ್ಣು ಸಾರಿಗೆ, ನಾಣ್ಯಕ್ಕಲ್ಲ. ಮಕ್ಕಳು ನನಗೆ ‘ಟ್ಯಾಮರಿಂಡ್ ಆಂಟಿ’ ಎಂದು ಹೆಸರಿಟ್ಟಿದ್ದವು.

ಅಷ್ಟರಲ್ಲಿ ಕೆಲಸದ ರೀತಿಯೂ ಬದಲಾಗುತ್ತಿತ್ತು. ನಾನು ಬಂದಾಗ ತಕ್ಕಡಿ, ಭೂತಗನ್ನಡಿ, ಮೆತ್ತನೆಯ ಪೆನ್ಸಿಲ್ಲು. ಆಮೇಲೆ ದೊಡ್ಡ ಕ್ಯಾಮೆರಾ ಬಂತು, ಲೋಹದ ಪಾಲು ಹೇಳುವ ಪಿಸ್ತೂಲಿನಂಥ ಯಂತ್ರ ಬಂತು, ಕಡೆಗೆ ನಾಣ್ಯದ ಮುಂದೆ ಹಿಡಿದರೆ ಅರಸನ ಹೆಸರು ಹೇಳುತ್ತೇನೆ ಎನ್ನುವ ಫೋನು ಬಂತು. ಆ ಫೋನು ಬಹಮನಿ ತಾಮ್ರವನ್ನು ತೋರಿಸಿದರೆ ಸಿರಿಯಾ ಎನ್ನುತ್ತಿತ್ತು, ಮಗುಚಿ ತೋರಿಸಿದರೆ ಗುಂಡಿ ಎನ್ನುತ್ತಿತ್ತು. ಯಂತ್ರ ಬೇಡ ಎನ್ನುವವಳು ನಾನಲ್ಲ. ಕ್ಯಾಮೆರಾ ಇಲ್ಲದೆ ಕಲಿಯಲಾಗದಿದ್ದ ಎಷ್ಟೋ ವಿಷಯಗಳಿವೆ. ಆದರೆ ಸವೆದ ತಾಮ್ರವನ್ನು ಓರೆ ಬೆಳಕಿಗೆ ಹಿಡಿದು, ಬೆರಳಿನಲ್ಲಿ ಮೆಲ್ಲಗೆ ತಿರುಗಿಸುತ್ತ ಕಾಯುವುದನ್ನು ಕಲಿಯಿರಿ. ಒಂದು ಕೋನದಲ್ಲಿ ಅಕ್ಷರದ ನೆರಳು ಒಂದು ಗಳಿಗೆ ಎದ್ದು ಮಲಗುತ್ತದೆ. ಅದನ್ನು ಹಿಡಿಯುವುದೇ ನಮ್ಮ ಕಸುಬು.

ಈಗ ಹಲೀಮಾ ಆಂಟಿಯ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಬರೆದದ್ದು ಅದನ್ನು ಹೇಳುವುದಕ್ಕೇ.

ಆಕ್ಲೆಂಡಿನದೇ ಇನ್ನೊಂದು ಬಡಾವಣೆ ಮನುಕಾವ್‌ನಲ್ಲಿ ಬೀದರಿನ ರಿಯಾಜ್ ಎಂಬವರ ಕಿರಾಣಿ ಅಂಗಡಿ ಇತ್ತು. ನಮಗೆ ಜೋಳದ ಹಿಟ್ಟು ಸಿಗುತ್ತಿದ್ದದ್ದು ಅಲ್ಲೇ. ಅವರು ಮನೆ ಬದಲಾಯಿಸುವಾಗ ಮಾಳಿಗೆಯಲ್ಲಿ ಸಿಕ್ಕ ಹಳೆಯ ನಾಣ್ಯಗಳ ಡಬ್ಬಿಯನ್ನು ತಂದು ಹರಾಜಿಗೆ ಕೊಟ್ಟು ಹೋಗಿದ್ದರು. ನಾನು ಆ ವಾರ ರಜೆಯಲ್ಲಿದ್ದೆ. ಗ್ರೇಯಮ್ ತಾನೇ ವಿಂಗಡಿಸಿದ್ದ. ಹರಾಜಿಗೆ ಇನ್ನೇನು ದಿನ ಹತ್ತಿರ ಬಂತು ಎನ್ನುವಾಗ ರಿಯಾಜ್ ತಮ್ಮ ತಾಯಿಯನ್ನು ಕರೆದುಕೊಂಡು ಬಂದರು. ಹಲೀಮಾ ಆಂಟಿ ಬಿಳಿ ದುಪಟ್ಟಾ ಹೊದ್ದ ಸಣ್ಣ ಮೈಯ ಮುದುಕಿ, ಮಗನಿಗಿಂತ ಮುಂದೆ ಮುಂದೆ ನಡೆಯುತ್ತಿದ್ದರು.

“ಬೇಟಿ, ನೀ ನಮ್ಮ ಕಡಿಯಾಕಿ ಅಂತ ಕೇಳೀನಿ. ಈ ನನ್ನ ಮಗ ಶಾಣ್ಯಾ ನೋಡು, ಮನಿ ಸ್ವಚ್ಛ ಮಾಡ್ತೀನಂತ ನನ್ನ ಜೀವಾನಽ ತಂದು ಮಾರ್ಲಿಕ್ಕಿ ಕೊಟ್ಟಾನ.”

ರಿಯಾಜ್ ತಲೆ ತಗ್ಗಿಸಿದರು. “ಅಮ್ಮಿ, ಡಬ್ಬಿದಾಗ ಅದೂ ಇತ್ತಂತ ನನಗೇನ್ ಗೊತ್ತು?”

ಆ ‘ಅದು’ ಒಂದು ತೂತಿನ ತಾಮ್ರ. ಆಂಟಿಯ ತಾಯಿ ಕೂಸಾಗಿದ್ದಾಗ ಉಡದಾರದಲ್ಲಿ ಕಟ್ಟಿದ್ದು. ಆಮೇಲೆ ಆಂಟಿಯ ಸೊಂಟದಲ್ಲಿ, ರಿಯಾಜ್‌ರ ಸೊಂಟದಲ್ಲಿ, ರಿಯಾಜ್‌ರ ಮಗಳು ನಾಜ್‌ಳ ಸೊಂಟದಲ್ಲಿ. ನಮ್ಮ ಕಡೆ ಹಿಂದೂ ಮುಸ್ಲಿಂ ಎನ್ನದೆ ಮಕ್ಕಳ ಕರಿದಾರಕ್ಕೆ ತಾಮ್ರದ ದುಡ್ಡು ಪೋಣಿಸುವುದುಂಟು, ದೃಷ್ಟಿ ತಾಗಬಾರದೆಂದು. ಈಗ ನಾಜ್‌ಗೆ ಹೆಣ್ಣುಕೂಸು ಹುಟ್ಟಿತ್ತು. ಬಾಣಂತಿಗೆ, ಕೂಸಿಗೆ ನಲವತ್ತು ದಿನ ತುಂಬಿದ ಚಿಲ್ಲಾದ ಸ್ನಾನ ಮಾಡಿಸುವ ದಿನ ಅದನ್ನು ಕಟ್ಟಬೇಕು. ತೆಗೆಯಲು ಹೋದರೆ ಡಬ್ಬಿಯೇ ಇಲ್ಲ.

“ಬೀದರದಾಗಿನ ಮನಿ ಹೋಯ್ತು. ಇವರಪ್ಪ ಇಲ್ಲೇ ಮನುಕಾವ್ ಮಣ್ಣಾಗ ಮಲಗ್ಯಾರ. ಈ ಕೂಸು ನನ್ನ ಮಾತು ಕಲೀತದ ಅಂತ ನನಗ ಭರೋಸಾ ಇಲ್ಲ. ನನ್ನ ಕಡಿಂದ ಅದಕ್ಕ ಮುಟ್ಟೋದು ಅದೊಂದಽ ಅದ. ಹುಡುಕಿ ಕೊಡು ಬೇಟಿ.”

ಹುಡುಕುತ್ತೇನೆ ಎಂದೆ. ಆದರೆ ಕೆಲಸ ಸುಲಭವಿರಲಿಲ್ಲ. ರಿಯಾಜ್‌ರ ತೂತಿನ ನಾಣ್ಯಗಳು ಉಳಿದ ಹತ್ತಾರು ಮನೆಗಳ ತೂತಿನ ನಾಣ್ಯಗಳ ಜೊತೆ ಬಿಸ್ಕತ್ತಿನ ಡಬ್ಬಿ ಸೇರಿದ್ದವು. ಗ್ರೇಯಮ್ ನ್ಯಾಯವಾಗಿಯೇ ಹೇಳಿದ: ಯಾವುದು ಅವರದೆಂದು ಸಂಶಯವಿಲ್ಲದೆ ತೋರಿಸಿದರೆ ಈಗಲೇ ಕೊಡುತ್ತೇನೆ, ಬೇರೆಯವರದ್ದನ್ನು ಎತ್ತಿ ಕೊಡಲಾರೆ.

ಡಬ್ಬಿಯನ್ನು ಹಸಿರು ಬಟ್ಟೆಯ ಮೇಲೆ ಸುರಿದೆ. ಗುರುತೇನು ಎಂದು ಕೇಳಿದರೆ ಆಂಟಿ, “ಇಬ್ರಾಹಿಂ ಬಾದಶಾನ ಪೈಸಾ ಅದು. ನಮ್ಮ ಅಮ್ಮಾ ಹಂಗಽ ಅಂತಿದ್ಲು” ಎಂದರು. ನನ್ನ ಕಣ್ಣಿಗೆ ಕೂಡಲೇ ಒಂದು ಬಿತ್ತು. ನಡುವೆ ತೂತು, ಗಟ್ಟಿ ಹಸಿರು ಪೊರೆ, ಮೇಲೆ ಇಬ್ರಾಹಿಂ ಎಂದು ಸ್ಪಷ್ಟ ಅಕ್ಷರ. ಹುರುಪಿನಲ್ಲಿ ಬಾಯಿಬಿಟ್ಟು ಓದಿಬಿಟ್ಟೆ.

“ಇದಽ!” ಆಂಟಿ ಎತ್ತಿ ಎದೆಗೆ ಒತ್ತಿಕೊಂಡರು. ರಿಯಾಜ್ ಉಸಿರು ಬಿಟ್ಟರು. ಗ್ರೇಯಮ್ ಕೈ ಉಜ್ಜಿಕೊಂಡು, “ಸ್ವೀಟ್ ಆಸ್”, ಭೇಷಾಯಿತು, ಎಂದ. ಎಲ್ಲರಿಗೂ ಸಂತೋಷ, ನನ್ನೊಬ್ಬಳನ್ನು ಬಿಟ್ಟು.

ಯಾಕೆಂದರೆ ಆ ತೂತಿನ ಒಳಗೋಡೆಗೂ ಹಸಿರು ಹತ್ತಿತ್ತು. ದಾರ ಉಜ್ಜಿದ ತೂತು ಹಾಗಿರುವುದಿಲ್ಲ. ಅದು ಎಷ್ಟೋ ಕಾಲ ನೆಲದಲ್ಲಿ ಬಿದ್ದಿದ್ದ ನಾಣ್ಯ, ಯಾವ ಕೂಸಿನ ಸೊಂಟವನ್ನೂ ಈಚೆಗೆ ಕಂಡದ್ದಲ್ಲ.

“ಆಂಟಿ, ಅದು ನಿಮ್ದಲ್ರಿ” ಎಂದೆ.

ಅವರ ಮುಖ ಬಿಗಿಯಿತು. “ನನ್ನ ಸಾಮಾನ ನನಗ ಗುರ್ತಿಲ್ಲೇನು? ನೀನಽ ಓದಿದಿ, ಇಬ್ರಾಹಿಂ ಅಂತ.”

ಗ್ರೇಯಮ್ ನನ್ನನ್ನು ಪಕ್ಕಕ್ಕೆ ಕರೆದು, ಅವರಿಗೆ ಸಮಾಧಾನವಾಗಿದೆ, ಬಿಟ್ಟುಬಿಡು ಎಂದ. ನಾನು ಬಿಡಲಿಲ್ಲ. ಬೇರೆ ಯಾರದೋ ನಾಣ್ಯ ಆ ಕೂಸಿಗೆ ಕಟ್ಟಿ, ಇವರ ತಾಯಿಯದು ಬಳೆ ಮಾಡುವವರ ಪಾಲಾದರೆ ನಾನು ಇಷ್ಟು ವರ್ಷ ತಾಮ್ರ ನೋಡಿದ್ದು ಯಾತಕ್ಕೆ? ಆಂಟಿಯ ಪಕ್ಕ ಕೂತು ಕೇಳಿದೆ: “ಕಟ್ಟೂದಕ್ಕಿಂತ ಮೊದಲ ಅದನ್ನ ತೊಳೀತಿದ್ರೇನ್ರಿ?”

“ಮತ್ತ? ಹಂಗಽ ಕಟ್ತಾರೇನು ಕೂಸಿಗಿ? ಹುಣಸಿಹಣ್ಣು ಉಪ್ಪು ಹಚ್ಚಿ, ಬಂಗಾರದಂಗ ಆಗೋತನಕ ತಿಕ್ಕಿ, ಬಿಸಿನೀರಾಗ ಹಾಕಿ, ಆಮ್ಯಾಲ ಕಟ್ತೀವಿ. ನಾಜ್ ದಾರ ಬಿಚ್ಚಿದ ಮ್ಯಾಲೂ ನಾನು ಪ್ರತಿ ಈದಿಗಿ ತೊಳದು ಇಡ್ತಿದ್ದೆ.”

ಹುಣಸೆಹಣ್ಣು! ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಜೀವನವಿಡೀ ಬೈದ ಆ ಹಣ್ಣೇ ಈಗ ದಾರಿ ತೋರಿಸಿತ್ತು. ಡಬ್ಬಿಯಲ್ಲಿ ಇದ್ದವೆಲ್ಲ ಹಸಿರು, ಕಂದು, ಕಪ್ಪು. ಪೊರೆ ಸುಲಿದ ಬರಿ ಕೆಂಪು ತಾಮ್ರ ಒಂದೂ ಇರಲಿಲ್ಲ. ಅಂದರೆ ಆಂಟಿಯ ನಾಣ್ಯ ಡಬ್ಬಿಯಲ್ಲೇ ಇಲ್ಲ.

ಗ್ರೇಯಮ್‌ನನ್ನು ಕೇಳಿದೆ: ರಿಯಾಜ್‌ರ ಡಬ್ಬಿಯಲ್ಲಿ ತೂತಿರುವ, ನುಣ್ಣಗೆ ಕೆಂಪಗಿರುವ ಒಂದು ಇತ್ತೇ?

ಅವನು ಮೊದಲು ಇಲ್ಲ ಎಂದ. ಆಮೇಲೆ ಅವನ ಕಿವಿ ಕೆಂಪಾಯಿತು. “ಅದು ವಾಷರ್ ಅಂದುಕೊಂಡೆ” ಎಂದ.

“ವಾಷರ್? ಎಲ್ಲಿದೆ?”

ಹೋಗಿ ಸ್ಕ್ರೂಡ್ರೈವರ್ ತಂದ. ನಮ್ಮ ಮುಂಭಾಗದ ಕೋಣೆಯಲ್ಲಿ ಚಿನ್ನದ ನಾಣ್ಯ ಇಡುವ ಗಾಜಿನ ಕಪಾಟಿತ್ತು. ಅದರ ಬಾಗಿಲು ಸಡಿಲಾಗಿ ಗಡಗಡ ಅನ್ನುತ್ತಿತ್ತು, ನಾನು ರಜೆಯಿಂದ ಬಂದಾಗ ಸರಿಯಾಗಿತ್ತು. ಗ್ರೇಯಮ್ ಕೆಳಗಿನ ಕೀಲಿನ ಬೋಲ್ಟ್ ಬಿಚ್ಚಿದ. ಅಂಗೈಗೆ ಬಿದ್ದದ್ದು ಆಂಟಿಯ ತಾಮ್ರ.

ಹಲೀಮಾ ಆಂಟಿ ಅದನ್ನು ನೋಡಲಿಲ್ಲ, ಹೆಬ್ಬೆರಳಿನಿಂದ ಒಮ್ಮೆ ಸವರಿದರು ಅಷ್ಟೇ. ಕೈಯಲ್ಲಿದ್ದ ಇಬ್ರಾಹಿಮನನ್ನು ಮೇಜಿನ ಮೇಲಿಟ್ಟು, ಇದನ್ನು ಕಣ್ಣಿಗೊತ್ತಿಕೊಂಡು ಗೊಳೋ ಎಂದು ಅತ್ತುಬಿಟ್ಟರು. ಗ್ರೇಯಮ್ ನಿಂತಲ್ಲೇ ಚಡಪಡಿಸಿ, ಕಡೆಗೆ ಎಲ್ಲರಿಗೂ ಚಹಾ ಮಾಡಿ ತಂದ. ಹಾಲು ಹೆಚ್ಚಾಗಿತ್ತು, ಎಲ್ಲರೂ ಕುಡಿದೆವು.

ಗುರುತುಗಳನ್ನು ಅವನಿಗೆ ಒಂದೊಂದಾಗಿ ತೋರಿಸಿದೆ. ಒಂದು ಮೈ ಕನ್ನಡಿಯ ಹಾಗೆ ನುಣುಪು, ಅದು ಮಕ್ಕಳ ಹೊಟ್ಟೆಗೆ ತಾಗಿದ್ದು. ಇನ್ನೊಂದು ಮೈಯಲ್ಲಿ ಅಷ್ಟಿಷ್ಟು ಉಬ್ಬು ತಗ್ಗು ಉಳಿದಿವೆ. ತೂತು ಗುಂಡಗಿಲ್ಲ, ದಾರ ಎಳೆದು ಎಳೆದು ಅಂಚಿನ ಕಡೆಗೆ ಉದ್ದವಾಗಿದೆ. ಅವನಿಗೆ ಒಂದು ಸಂಶಯವೂ ಉಳಿಯಲಿಲ್ಲ.

ಆಮೇಲೆ ಆಂಟಿಯನ್ನು ನನ್ನ ದಕ್ಷಿಣದ ಕಿಟಕಿಗೆ ಕರೆದುಕೊಂಡು ಹೋಗಿ ಆ ಉಬ್ಬು ತಗ್ಗನ್ನು ಓರೆ ಬೆಳಕಿಗೆ ಹಿಡಿದೆ. ಬಹಳ ಹೊತ್ತು ಬೇಕಾಯಿತು. ಮೊದಲು ಉದ್ದನೆಯ ಒಂದು ಓರೆಗೀಟಿನ ನೆರಳು ಎದ್ದಿತು, ಆಮೇಲೆ ಅದರ ಪಕ್ಕದ ಅಕ್ಷರಗಳು ಸೇರಿ ಒಂದು ಹೆಸರಾಯಿತು, ಕೆಳಗೆ ‘ಬಹಮನಿ’ಯ ಬಾಲ. ದಪ್ಪ, ತೂಕ ಎಲ್ಲವೂ ಹೊಂದಿತು. ಅದು ಇಬ್ರಾಹಿಮನದಾಗಿರಲಿಲ್ಲ. ಹೇಳಬೇಕೋ ಬೇಡವೋ ಎಂದು ನಾನು ಯೋಚಿಸಲಿಲ್ಲ. ನಾಣ್ಯ ಹೇಳಿದ್ದನ್ನು ಹೇಳುವುದು ನನ್ನ ಕೆಲಸ.

“ಇದು ಕಲೀಮುಲ್ಲಾನದ್ರಿ ಆಂಟಿ. ನಿಮ್ಮ ಬೀದರದಾಂವನಽ. ಬಹಮನಿ ಮನೆತನದ ಕಡೀ ಅರಸ.”

“ಹೆಸರಽ ಕೇಳಿಲ್ಲಲ್ಲ. ಏನ್ ಮಾಡ್ಯಾನ ಅಂವಾ?”

“ಏನೂ ಮಾಡ್ಲಿಕ್ಕೆ ಬಿಡಲಿಲ್ಲರಿ ಅಂವನ್ನ. ಆಳ್ತಿದ್ದದ್ದು ಅಂವನ ಮಂತ್ರಿಗಳು, ಬರೀದ ಮನೆತನದವರು. ಅಂವ ಬೀದರ ಬಿಟ್ಟು ವಿಜಾಪುರಕ್ಕ ಹೋದ, ಅಲ್ಲಿಂದ ಅಹಮದನಗರಕ್ಕ ಹೋದ, ತಿರುಗಿ ಬರಲಿಲ್ಲ. ಆದ್ರ ಬೀದರದಾಗ ತಾಮ್ರ ಮಾತ್ರ ಅಂವನ ಹೆಸರಿಲೇನಽ ಹೊಡೀತಿದ್ರು, ಅಂವ ಹೋದ ಮ್ಯಾಲೂ.”

ಆಂಟಿ ನಾಣ್ಯವನ್ನು ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿದರು. ಆಮೇಲೆ ಅವರ ಬೊಚ್ಚುಬಾಯಿ ಅಗಲವಾಯಿತು.

“ಊರು ಬಿಟ್ಟು ಹೋದಾಂವ, ಹೆಸರು ಊರಾಗಽ ಅದ. ಹಂಗಾದ್ರ ಅಂವ ನಮ್ಮಂವನಽ ಬಿಡು ಬೇಟಿ. ನಮ್ಮ ಹೆಸರೂ ಬೀದರದಾಗ ಇನ್ನಾ ರೇಶನ್ ಕಾರ್ಡಿನ್ಯಾಗ ಅದ.”

ಇದಾದ ಮೇಲೆ ಗ್ರೇಯಮ್ ಬಿಸ್ಕತ್ತಿನ ಡಬ್ಬಿಯ ಪದ್ಧತಿಯನ್ನೇ ತೆಗೆದುಹಾಕಿದ. ತೂತಿರಲಿ, ಮುರಿದಿರಲಿ, ಯಾರ ಮನೆಯದು ಅವರ ಚೀಲದಲ್ಲೇ ಇರಬೇಕು. ನನ್ನ ಕಾಲದಲ್ಲಿ ಆದ ದೊಡ್ಡ ಸುಧಾರಣೆ ಎಂದರೆ ನಾನು ಇದನ್ನೇ ಹೇಳುತ್ತೇನೆ, ಕ್ಯಾಮೆರಾವನ್ನಲ್ಲ.

ಆದರೆ ಪ್ರಸಂಗ ಅಲ್ಲಿಗೆ ಮುಗಿಯಲಿಲ್ಲ. ಕೆಲವು ದಿನ ಕಳೆದು ಅವರೆಲ್ಲ ಮತ್ತೆ ಬಂದರು, ಈ ಸಲ ನಾಜ್ ಕೂಡ. ಕೂಸು ಕಾರಿನ ತೊಟ್ಟಿಲಿನಂಥ ಸೀಟಿನಲ್ಲಿ ನಿದ್ದೆ ಹೊಡೆಯುತ್ತಿತ್ತು. ಅಜ್ಜಿ ಮೊಮ್ಮಗಳು ಜಗಳವಾಡುತ್ತಲೇ ಒಳಗೆ ಬಂದರು. ನಾಜ್ ಇಲ್ಲೇ ಹುಟ್ಟಿದವಳು, ಅಜ್ಜಿಯ ಮಾತು ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅಜ್ಜಿಯನ್ನು ‘ದಾದಿ’ ಎಂದು ಕರೆಯುವುದೊಂದನ್ನು ಬಿಟ್ಟು.

“ದಾದಿ, ಇಟ್ಸ್ ಅ ಚೋಕಿಂಗ್ ಹ್ಯಾಜರ್ಡ್!”

“ನೀನೂ ಇದನ್ನಽ ಕಟ್ಕೊಂಡು ಬೆಳದೀದಿ. ನುಂಗಿದೇನು?”

“ಐ ನೋ. ಬಟ್ ಲುಕ್ ಅಟ್ ಇಟ್ ನೌ. ಆಂಟಿ, ಯು ಟೆಲ್ ಹರ್.”

ನೋಡಿದೆ. ನಾಜ್ ಹೇಳಿದ್ದು ಸರಿಯಿತ್ತು. ದಾರ ಎಳೆದೂ ಎಳೆದೂ ತೂತಿಗೂ ಅಂಚಿಗೂ ನಡುವೆ ಉಳಿದದ್ದು ಕೂದಲೆಳೆಯಷ್ಟು ತಾಮ್ರ. ಕೂಸು ಎರಡು ಸಲ ಹೊರಳಿದರೆ ಅದು ಹರಿಯುತ್ತದೆ. ನಾಣ್ಯ ಕಳಚಿ ಕೈಗೆ, ಕೈಯಿಂದ ಬಾಯಿಗೆ. ಇದನ್ನು ಕಟ್ಟುವಂತಿಲ್ಲ ಎಂದು ಕನ್ನಡದಲ್ಲಿ, ಮೆತ್ತಗೆ, ಆದರೆ ಖಂಡಿತವಾಗಿ ಹೇಳಿದೆ.

ಚೆನ್ನಾದ ಚೌಕಟ್ಟಿನಲ್ಲಿ ಗಾಜು ಹಾಕಿಸಿ ಕೊಡುತ್ತೇನೆ ಎಂದ ಗ್ರೇಯಮ್. ನಾಜ್‌ಗೂ ಅದು ಒಪ್ಪಿಗೆಯಾಯಿತು. ರಿಯಾಜ್ ಅನುವಾದಿಸಿ ಹೇಳಿದರು.

“ಗ್ವಾಡಿಗಿ ತೂಗಹಾಕ್ಲಿಕ್ಕಿ ಅದೇನು ಫೋಟೋ ಏನು?” ಎಂದರು ಆಂಟಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ನಾಣ್ಯವನ್ನು ನನ್ನ ಮುಂದೆ ಇಟ್ಟು, ತೂತಿನ ಎದುರಿನ ದಪ್ಪ ಅಂಚನ್ನು ಉಗುರಿನಿಂದ ಮುಟ್ಟಿದರು. “ಇಲ್ಲಿ ಗಟ್ಟಿ ಅದ. ಇಲ್ಲೊಂದು ತೂತು ಹಾಕು.”

ಗ್ರೇಯಮ್‌ಗೆ ಕನ್ನಡ ಬಾರದಿದ್ದರೂ ಆ ಬೆರಳು ತಿಳಿಯಿತು. ಸಿಂಹದ ನಾಣ್ಯದವನನ್ನು ನಾನು ಓಡಿಸಿದ್ದು ಅವನಿಗೆ ನೆನಪಿತ್ತು. ನನ್ನ ಮುಖವನ್ನೇ ನೋಡುತ್ತ ನಿಂತ.

ನನಗೆ ಆಗ ಏನನ್ನಿಸಿತು ಎಂದು ಇದ್ದದ್ದು ಇದ್ದಂತೆ ಬರೆಯುತ್ತೇನೆ. ಇಡೀ ಕಸುಬು ಬೇಡ ಬೇಡ ಎಂದು ಕೂಗಿತು. ಅದರ ಜೊತೆಗೇ, ಆ ಮೊದಲ ತೂತನ್ನು ಹಾಕಿದ ಕೈ ಯಾವುದಿರಬಹುದು ಎನ್ನಿಸಿತು. ಬೀದರಿನ ಯಾವುದೋ ಓಣಿಯಲ್ಲಿ, ಯಾವುದೋ ಕೂಸಿಗಾಗಿ, ಯಾರೋ ಒಬ್ಬರು ಮೊಳೆಯ ಮೇಲೆ ಸುತ್ತಿಗೆ ಎತ್ತಿದ್ದರು. ಆ ತೂತು ಇಲ್ಲದಿದ್ದರೆ ಈ ನಾಣ್ಯ ಎಂದೋ ಕರಗಿ ಚರಿಗೆಯಾಗಿರುತ್ತಿತ್ತು. ಕಟುಕ ಎಂದು ಬೈದೆನಲ್ಲ, ಆ ಸಿಂಹದ ವಿಷಯದಲ್ಲಿ ಅದು ಈಗಲೂ ನಿಜವೇ. ಇದು ಬೇರೆ.

“ಗ್ರೇಯಮ್, ನಿಮ್ಮ ಕೈ ಡ್ರಿಲ್ ಕೊಡಿ” ಎಂದೆ. “ಅತಿ ಸಣ್ಣ ಮೊನೆ ಹಾಕಿ.”

ಅವನು ತಂದುಕೊಟ್ಟು, ನೋಡಲಾರೆ ಎನ್ನುವಂತೆ ನಾಯಿಯನ್ನು ಕರೆದುಕೊಂಡು ಹೊರಗೆ ಹೋದ. ನಾನು ಅಕ್ಷರವಿಲ್ಲದ ಜಾಗ ಹುಡುಕಿ ಗುರುತು ಮಾಡಿದೆ. ನಾಣ್ಯದ ಕೆಳಗೆ ಮರದ ತುಂಡು ಇಟ್ಟು, ಒಂದು ತೊಟ್ಟು ಎಣ್ಣೆ ಬಿಟ್ಟು, ಮೆಲ್ಲಗೆ ತಿರುಗಿಸಿದೆ. ಕೆಂಪು ತಾಮ್ರದ ಸುರುಳಿ ಎದ್ದು ಬಟ್ಟೆಯ ಮೇಲೆ ಬಿತ್ತು. ಆಂಟಿ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ತೂತಿನ ಅಂಚನ್ನು ದಾರ ಹರಿಯದಂತೆ ನುಣ್ಣಗೆ ಮಾಡಿ, ಕರಿದಾರ ಪೋಣಿಸಿ ನಾಜ್‌ಳ ಕೈಗೆ ಕೊಟ್ಟೆ.

ಅವಳು ಎರಡೂ ಕೈಯಿಂದ ಜಗ್ಗಿದಳು. ಬಲವಾಗಿ ಇನ್ನೊಮ್ಮೆ ಜಗ್ಗಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿ, ನನ್ನ ಕಿವಿಗೆ ಬಿದ್ದ ಅವಳ ಒಂದೇ ಒಂದು ಕನ್ನಡದ ಮಾತು ಆಡಿದಳು: “ಕಟ್ಟು, ದಾದಿ.”

ಆಂಟಿ ಅಲ್ಲೇ ಕಟ್ಟಲಿಲ್ಲ. ಮನೆಗೆ ಒಯ್ದು ಮೊದಲು ತೊಳೆಯಬೇಕಂತೆ. ಯಾವುದರಿಂದ ಎಂದು ನಾನು ಕೇಳಲಿಲ್ಲ.

ನಾನು ತಪ್ಪೊಪ್ಪಿಗೆ ಬರೆಯುತ್ತಿಲ್ಲ. ಅದೇ ಆಂಟಿ ನಾಳೆ ಬಂದು ಕೇಳಿದರೆ ಮತ್ತೆ ಹಾಕುತ್ತೇನೆ. ಬರೆದದ್ದು ನಿಮಗಾಗಿ, ನಾಳೆ ಆ ಮೇಜಿನಲ್ಲಿ ಕೂರುವವರಿಗಾಗಿ. ಆ ಕೂಸು ಬೆಳೆದು, ಅದರ ಮಕ್ಕಳು ಮೊಮ್ಮಕ್ಕಳು ಎಲ್ಲೆಲ್ಲಿ ಮನೆ ಬದಲಾಯಿಸುತ್ತಾರೋ, ಎಂದಾದರೊಂದು ದಿನ ಹಳೆಯ ಡಬ್ಬಿಯೊಂದು ನಿಮ್ಮ ಮುಂದೆ ಬರಬಹುದು. ಅದರಲ್ಲಿ ಎರಡು ತೂತಿನ, ನುಣ್ಣಗೆ ಸವೆದ ಒಂದು ತಾಮ್ರ ಇದ್ದೀತು. ವಾಷರ್ ಎಂದುಕೊಳ್ಳಬೇಡಿ. ಓರೆ ಬೆಳಕಿಗೆ ಹಿಡಿಯಿರಿ, ಕಾಯಿರಿ. ಕಲೀಮುಲ್ಲಾನ ಹೆಸರಿನ ನೆರಳು ಆಗಲೂ ಉಳಿದಿದ್ದರೆ ಓದಿ, ಬೀದರ ಎಂದು ಊರ ಹೆಸರು ಹಾಕಿ. ಎರಡನೆಯ ತೂತು ಪೆನ್‌ರೋಸ್‌ನದು ಎಂದು ಸೇರಿಸಿ. ಸ್ಥಿತಿ ಎಂಬಲ್ಲಿ ಹಾನಿಯಾಗಿದೆ ಎಂದು ಮಾತ್ರ ಬರೆಯಬೇಡಿ. ಬಳಕೆಯಲ್ಲಿದೆ ಎಂದು ಬರೆಯಿರಿ.